ನನ್ನ ಗೋಡೆಗೆ ಒಬ್ಬ ಪ್ರತಿವಾದಿ

ನನಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಕಾಗಿಲ್ಲ. ಇದನ್ನು ನಾನು ನಾಚಿಕೆಯಿಂದ ಹೇಳುತ್ತಿಲ್ಲ, ಏಕೆಂದರೆ ಸಿಟ್ಟೇ ನನ್ನ ಕಸಬು. ಬೀದರಿನ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಇಪ್ಪತ್ತು ವರ್ಷಗಳಿಂದ ಜನರ ಅರ್ಜಿ ಬರೆಯುತ್ತಿದ್ದೇನೆ. ಹೊಲದ ಬದು ಒತ್ತಿದವರ ಮೇಲೆ, ಬಾವಿಯ ನೀರು ತಡೆದವರ ಮೇಲೆ, ಎಮ್ಮೆ ಬಿಟ್ಟು ಪೈರು ತಿನ್ನಿಸಿದವರ ಮೇಲೆ. ಬಂದವರು ಕನ್ನಡದಲ್ಲಿ ಅಳುತ್ತಾರೆ, ಮರಾಠಿಯಲ್ಲಿ ಬೈಯುತ್ತಾರೆ. ನಾನು ಅದೆಲ್ಲವನ್ನೂ ಸೋಸಿ, ಸರಕಾರಕ್ಕೆ ಅರ್ಥವಾಗುವ ಉರ್ದುವಿನಲ್ಲಿ, ಸಲಾಮು ಹಾಕುತ್ತಲೇ ಗುದ್ದುವ ಹಾಗೆ ಬರೆದುಕೊಡುತ್ತೇನೆ. ಹತ್ತು ಜನರ ಸಿಟ್ಟನ್ನು ದಿನವಿಡೀ ಕೈಯಲ್ಲಿ ಹಿಡಿದವನಿಗೆ ಸಂಜೆ ಮನೆಗೆ ಬಂದಾಗ ತನ್ನದೂ ಒಂದಿಷ್ಟು ಉಕ್ಕಿದರೆ ನೀವು ಆಶ್ಚರ್ಯಪಡಬಾರದು.

ಆದರೆ ಈಗ ಹೇಳಹೊರಟ ಸಿಟ್ಟು ಅಂಥ ಸಣ್ಣದಲ್ಲ. ಅದು ಒಂದು ಗೋಡೆಯ ಮೇಲಿನ ಸಿಟ್ಟು.

ನೀವು ನಗುತ್ತೀರಿ. ನಗಿರಿ. ನಿಮ್ಮ ಮನೆಯ ಗೋಡೆ ನೆಟ್ಟಗಿರಬೇಕು. ಗೋಡೆಯ ಗುಣವೇನೆಂದರೆ, ಅದು ಚೆನ್ನಾಗಿರುವವರೆಗೆ ಯಾರೂ ಅದನ್ನು ನೋಡುವುದಿಲ್ಲ. ಮನೆಗೆ ಬರುವ ಕಕ್ಷಿದಾರರನ್ನು ಕೂರಿಸುವ ನನ್ನ ಬೈಠಕ್ಕಿನ ಹಳೆಯ ಗೋಡೆ ಮೂವತ್ತು ವರ್ಷ ನನ್ನ ಬೆನ್ನ ಹಿಂದೆ ನಿಂತಿತ್ತು. ಅದರ ಬಣ್ಣ ಯಾವುದೆಂದು ಕೇಳಿದ್ದರೆ ನಾನು ತಿರುಗಿ ನೋಡಿಯೇ ಹೇಳಬೇಕಿತ್ತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅದು ಹೊಟ್ಟೆ ಉಬ್ಬಿಸಿಕೊಂಡು ಓಣಿಗೆ ಬಿತ್ತು. ಕೆಂಪು ಕಲ್ಲಿನಲ್ಲಿ ಹೊಸ ಗೋಡೆ ಕಟ್ಟಿಸಿದೆ. ಜೊತೆಗೇ ಅಡಿಗೆಮನೆಯ ಗೋಡೆಗೂ ಹೊಸ ಗಿಲಾವು ಮಾಡಿಸಿಬಿಡೋಣವೆಂದು ಹೆಂಡತಿ ಹೇಳಿದಳು. ಎರಡಕ್ಕೂ ಗಿಲಾವು, ಎರಡಕ್ಕೂ ನೀಲಿ ಬೆರೆಸಿದ ಸುಣ್ಣ. ಹೈದರಾಬಾದಿನಲ್ಲಿ ಒಬ್ಬ ದೊಡ್ಡ ವಕೀಲರ ಬೈಠಕ್ಕನ್ನು ನೋಡಿ ಬಂದಂದಿನಿಂದ ತಿಳಿನೀಲಿ ಗೋಡೆ ನನ್ನ ತಲೆಯಲ್ಲಿ ಕೂತಿತ್ತು. ನೀಲಿ ಗೋಡೆಯ ಮುಂದೆ ಕೂತವನ ಮಾತಿಗೆ ತೂಕ ಬರುತ್ತದೆಂದು ನನ್ನ ನಂಬಿಕೆ.

ಇಲ್ಲಿ ನಮ್ಮ ಊರಿನವರ ಒಂದು ದುರ್ಗುಣವನ್ನು ಹೇಳಬೇಕು. ಬೀದರಿನವರಾದ ನಮಗೆ ಹಳೆಯದೆಂದರೆ ಸಾಕು, ಎದೆ ಉಬ್ಬುತ್ತದೆ. ಬೇರೆ ಊರಿನಲ್ಲಿ ಮನೆ ಸೋರಿದರೆ ಜನ ಹಂಚು ತಿರುವುತ್ತಾರೆ. ನಮ್ಮಲ್ಲಿ ಸೋರಿದರೆ ಇದು ಬಾದಶಹರ ಕಾಲದ ಮಾಳಿಗೆ ಎಂದು ನೆಂಟರಿಗೆ ತೋರಿಸುತ್ತೇವೆ. ಕಣ್ಣು ಬಿಟ್ಟರೆ ಕೋಟೆ, ತಿರುಗಿದರೆ ಗುಮ್ಮಟ. ಕೋಟೆ ಕಟ್ಟಿದವನು ನಮ್ಮ ಮುತ್ತಜ್ಜನೇನಲ್ಲ. ನನ್ನ ಮುತ್ತಜ್ಜ ಆಗ ಔರಾದದ ಕಡೆ ಕುರಿ ಕಾಯುತ್ತಿದ್ದಿರಬೇಕು. ಆದರೂ ಕೋಟೆಯ ಮಾತು ಬಂದಾಗ ನಾನು ಅದನ್ನು ನಾನೇ ಎದುರು ನಿಂತು ಕಟ್ಟಿಸಿದವನ ಹಾಗೆ ಮಾತಾಡುತ್ತೇನೆ.

ಈ ದುರ್ಗುಣದ ಭರದಲ್ಲಿಯೇ ಬೈಠಕ್ಕಿನ ಗಿಲಾವಿಗೆ ನಾನು ಕೋಟೆಯ ಮಣ್ಣು ತರಿಸಿದೆ. ಕೋಟೆಯೊಳಗೆ ಮಳೆ ಬಿಸಿಲು ಕಾಣದ ಒಂದು ಪಾಳು ಕೋಣೆಯಲ್ಲಿ ಗೋಡೆ ಕುಸಿದು ಪುಡಿಪುಡಿ ಮಣ್ಣು ಬಿದ್ದಿತ್ತು. ಶತಮಾನಗಳ ಕಾಲ ಗೋಡೆಯಾಗಿ ನಿಂತು ಅಭ್ಯಾಸವಾದ ಮಣ್ಣು! ಅದಕ್ಕಿಂತ ಅನುಭವಸ್ಥ ಮಣ್ಣು ಎಲ್ಲಿ ಸಿಗಬೇಕು? ಒಂದು ಬಂಡಿ ತುಂಬಿಸಿ ತಂದು, ಉಸುಕಿನ ಬದಲು ಅದನ್ನೇ ಸುಣ್ಣಕ್ಕೆ ಕಲಸಿರೆಂದು ಗೌಂಡಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು, "ಮಾಂಜರಾ ಹೊಳಿ ಉಸುಕು ತರ್ಸಿದ್ರ ಆಗ್ತಿತ್ತಲ್ರಿ?" ಎಂದ. ಉಸುಕು ಅಡಿಗೆಮನೆಗೆ ಸಾಕು, ಬೈಠಕ್ಕಿಗೆ ಕೋಟೆಯ ಮಣ್ಣೇ ಆಗಬೇಕೆಂದು ಹೇಳಿ, ಬಾದಶಹರ ವಂಶಾವಳಿಯನ್ನು ಅವನಿಗೆ ಅರ್ಧ ಗಂಟೆ ವಿವರಿಸಿದೆ. ಪಾಪ, ಅವನು ಕಲಸುವುದೇ ವಾಸಿಯೆಂದು ಎದ್ದು ಹೋದ.

ಗಿಲಾವು ಆಯಿತು. ಇನ್ನು ಸುಣ್ಣ. ಸುಣ್ಣಕ್ಕೆ ಭಾಲ್ಕಿಯಿಂದ ಪಾಂಡಪ್ಪನನ್ನು ಕರೆಸಿದೆ. ಈ ಸೀಮೆಯಲ್ಲಿ ಸುಣ್ಣ ಹಚ್ಚುವವರು ಬೇಕಾದಷ್ಟಿದ್ದಾರೆ, ಆದರೆ ದೊಡ್ಡ ಮನೆಗಳಿಗೆ ಪಾಂಡಪ್ಪನೇ ಬೇಕು. ಅರವತ್ತು ದಾಟಿದ, ಒಣಗಿದ ದೇಹದ ಮನುಷ್ಯ; ಹುಬ್ಬಿನ ಕೂದಲಲ್ಲೂ ಸುಣ್ಣ. ಮಾತು ಬಹಳ ಕಡಿಮೆ. ಕೆಲಸ ಶುರು ಮಾಡುವ ಮೊದಲು ಅಂಗೈಯನ್ನು ಗೋಡೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯನ ಹಾಗೆ ಬಹಳ ಹೊತ್ತು ನಿಲ್ಲುತ್ತಾನೆ. ಆಮೇಲೆ ಕತ್ತಾಳೆ ನಾರಿನ ಕುಂಚವನ್ನು ಎತ್ತಿದನೆಂದರೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮುಟ್ಟುವವರೆಗೆ ಇಳಿಯುವುದಿಲ್ಲ, ನೀರು ಕುಡಿಯುವುದಿಲ್ಲ, ಕರೆದರೆ ಓಗೊಡುವುದಿಲ್ಲ. ನಡುವೆ ನಿಂತರೆ ನಿಂತ ಜಾಗ ಒಣಗಿ ಗೆರೆ ಬೀಳುತ್ತದಂತೆ.

ನನ್ನ ಗೋಡೆಗೂ ಹಾಗೆಯೇ ಕೈ ಒತ್ತಿದ. ಕಣ್ಣು ತೆರೆದು ಕೇಳಿದ: "ಈ ಗಿಲಾವಿಗಿ ಮಣ್ಣು ಎಲ್ಲಿಂದ ತಂದ್ರಿ, ಮುನ್ಶಿಯವ್ರ?"

ನಾನು ಮತ್ತೆ ವಂಶಾವಳಿಯನ್ನು ತೆಗೆದೆ. ಅವನು ಎರಡನೆಯ ಬಾದಶಹನವರೆಗೆ ತಾಳಿಕೊಂಡ. ಆಮೇಲೆ, "ಹಸಿ ಅದ್ರಿ. ತಿಂಗಳೊಪ್ಪತ್ತು ಬಿಡ್ರಿ," ಎಂದು ಹೊರಟುಹೋದ. ನಾನು ಬಿಟ್ಟೆ. ಇದನ್ನು ದಯವಿಟ್ಟು ಗಮನಿಸಿ. ಅವಸರ ಮಾಡಿ ಗೋಡೆ ಕೆಡಿಸಿದನೆಂಬ ಆರೋಪ ನನ್ನ ಮೇಲೆ ಬರಬಾರದು. ತಿಂಗಳಲ್ಲ, ಒಂದೂವರೆ ತಿಂಗಳು ಬಿಟ್ಟೆ.

ಪಾಂಡಪ್ಪ ಬಂದು ಎರಡು ಕೈ ಬಿಳಿ ಸುಣ್ಣ, ಅದರ ಮೇಲೆ ಎರಡು ಕೈ ನೀಲಿ ಬಳಿದ. ಏನು ಹೇಳಲಿ! ಎಂಟು ದಿನ ನನ್ನ ಬೈಠಕ್ಕು ಶರತ್ಕಾಲದ ಆಕಾಶವಾಗಿತ್ತು. ಎಂಟು ದಿನ ನಾನು ಗೋಡೆಗೆ ಬೆನ್ನು ಹಾಕಿ ಕೂರಲೇ ಇಲ್ಲ. ಗೋಡೆಯನ್ನು ನೋಡುತ್ತ, ಕಕ್ಷಿದಾರರಿಗೆ ಬೆನ್ನು ಹಾಕಿ ಕೂತೆ.

ಒಂಬತ್ತನೆಯ ದಿನ ಕಿಟಕಿಯ ಕೆಳಗೆ ಅಂಗೈಯಗಲ ಒಂದು ಕಲೆ. ಹತ್ತನೆಯ ದಿನ ಅದಕ್ಕೆ ಸಂಸಾರ. ಹದಿನೈದನೆಯ ದಿನಕ್ಕೆ ನನ್ನ ಆಕಾಶದ ತುಂಬ ಗಜಕರ್ಣ! ಕೆಲವು ಕಡೆ ನೀಲಿ ಕಪ್ಪಾಗಿ ಒದ್ದೆಯಾಗಿತ್ತು. ಕೆಲವು ಕಡೆ ಹಾರಿಹೋಗಿ ಬೂದಿಯಂಥ ಬಣ್ಣ. ಇನ್ನು ಕೆಲವು ಕಡೆ ಬೂರಲದ ಅರಳೆಯಂತೆ ಬಿಳಿ ನವಿರು ಎದ್ದು, ಉಫ್ ಎಂದರೆ ಉದುರುತ್ತಿತ್ತು. ಬಂದ ಕಕ್ಷಿದಾರರು ತಮ್ಮ ದುಃಖ ಹೇಳುವುದನ್ನು ಬಿಟ್ಟು ನನ್ನ ಗೋಡೆ ನೋಡಿ ಮರುಗತೊಡಗಿದರು. ತಮ್ಮನೊಬ್ಬ ಹೊಲ ಕಸಿದುಕೊಂಡನೆಂದು ಅಳುತ್ತ ಬಂದವನು ಕಣ್ಣೀರು ಒರೆಸಿಕೊಂಡು, "ಇದೇನಾತ್ರೀ ನಿಮ್ಮ ಗ್ವಾಡಿಗಿ?" ಎಂದು ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ಕಲೆಯನ್ನಾದರೂ ಸಹಿಸಬಹುದು. ಸಲಹೆ ಕೊಡುವವರನ್ನು ಸಹಿಸುವುದು ಹೇಗೆ? ಗೋಡೆ ಕೆಟ್ಟವನ ಮನೆಗೆ ಬರುವ ಪ್ರತಿಯೊಬ್ಬನೂ ಹುಟ್ಟಿನಿಂದಲೇ ಗೌಂಡಿ. ಸುಣ್ಣಕ್ಕೆ ಬೆಲ್ಲ ಹಾಕಬೇಕಿತ್ತು ಎಂದ ಒಬ್ಬ. ಬೆಲ್ಲ ಹಾಕಿದ್ದಕ್ಕೇ ಹೀಗಾಗಿರಬೇಕು ಎಂದ ಇನ್ನೊಬ್ಬ. ಮತ್ತೊಬ್ಬ ಜಾಲಿಯ ಅಂಟು ಬೆರೆಸಿರೆಂದ, ಹಾಲು ಹೊಯ್ಯಿರೆಂದ, ದೃಷ್ಟಿ ತೆಗೆಸಿರೆಂದ. ಡಾಬಕಾದಿಂದ ಬಂದ ನನ್ನ ಮಾವನವರು ಗೋಡೆಯ ಮುಂದೆ ಕೂತು ತಂಬಾಕು ತಿಕ್ಕುತ್ತ, ತಮ್ಮೂರಲ್ಲಿ ಹೆಂಗಸರು ಕೆರೆಯ ಬಿಳಿಮಣ್ಣನ್ನು ಬರಿಗೈಯಲ್ಲಿ ಸಾರಿಸುತ್ತಾರೆ, ಯಾವ ಪಾಂಡಪ್ಪನೂ ಬೇಕಿಲ್ಲ, ಯಾವ ನೀಲಿಯೂ ಬೇಕಿಲ್ಲ ಎಂದರು. ಅಳಿಯನಾದವನು ಮಾವನಿಗೆ ಎದುರು ಮಾತಾಡಬಾರದೆಂಬ ಕಟ್ಟುಪಾಡನ್ನು ಯಾರು ಮಾಡಿದರೋ, ಅವರಿಗೆ ಗೋಡೆ ಇರಲಿಲ್ಲ.

ಕೊನೆಗೆ, ಇಷ್ಟು ಜನರಿಗೆ ಬರುವ ಕೆಲಸ ನನಗೇಕೆ ಬಾರದೆಂದು ನಾನೇ ಕುಂಚ ಹಿಡಿದೆ. ಕಲೆ ಇದ್ದಲ್ಲಿ ಮಾತ್ರ ತೇಪೆ ಹಾಕಿದರಾಯಿತಲ್ಲ! ನೀಲಿ ಕಲಸಿದೆ, ಗೋಡೆಗಿಂತ ಗಾಢವಾಯಿತು. ಸುಣ್ಣ ಸುರಿದೆ, ತಿಳಿಯಾಯಿತು. ಒದ್ದೆಯಿದ್ದಾಗ ಗೋಡೆಗೆ ಕೂಡುವ ಬಣ್ಣ ಒಣಗಿದಾಗ ಬೇರೆಯಾಗುತ್ತಿತ್ತು. ಒಣಗಿದಾಗ ಕೂಡಲೆಂದು ಹಚ್ಚಿದ್ದು ಒದ್ದೆಯಿದ್ದಾಗಲೇ ಹೆದರಿಸುತ್ತಿತ್ತು. ಹನ್ನೆರಡು ತೇಪೆಗೆ ಹನ್ನೆರಡು ನೀಲಿ. ಧೋತರಕ್ಕೆ ಹದಿಮೂರನೆಯದು. ಬಲಗಣ್ಣಿಗೆ ಸುಣ್ಣ ಸಿಡಿದು, ಎರಡು ದಿನ ಒಂದೇ ಕಣ್ಣಿನಿಂದ ಕಚೇರಿಗೆ ಹೋದೆ. ಒಂದು ಕಣ್ಣಿನಿಂದ ನೋಡಿದರೂ ಗೋಡೆ ಅಷ್ಟೇ ಕೆಟ್ಟದಾಗಿ ಕಾಣುತ್ತಿತ್ತು.

ಪಾಂಡಪ್ಪನಿಗೆ ಹೇಳಿಕಳಿಸಿದೆ. ಬಂದ. ನನ್ನ ತೇಪೆಗಳನ್ನು ನೋಡಿ ಅವನ ಹುಬ್ಬು ಮಾತ್ರ ಒಮ್ಮೆ ಮೇಲೆ ಹೋಯಿತು. ಎಲ್ಲವನ್ನೂ ಕೆರೆದು, ತೊಳೆದು, ಮೂಲೆಯಿಂದ ಮೂಲೆಗೆ ಹೊಸದಾಗಿ ಬಳಿದ. ವಾರದೊಳಗೆ ಕಲೆಗಳು ಇಮ್ಮಡಿಯಾಗಿ ಬಂದವು. ಇನ್ನೊಮ್ಮೆ ಬಂದ, ಇನ್ನೊಮ್ಮೆ ಬಳಿದ, ಮುಮ್ಮಡಿಯಾಯಿತು. ಮೂರನೆಯ ಸಲ ಅವನು ಕುಂಚವನ್ನು ಕೆಳಗಿಟ್ಟು ಹೇಳಿದ:

"ಇದು ಸುಣ್ಣದ್ ತಪ್ಪಲ್ರಿ. ಗ್ವಾಡಿ ಒಳಗ ಏನೋ ಅದ."

ಗೋಡೆಯೊಳಗೆ! ಬಾದಶಹರ ಕೋಟೆಯ ಮಣ್ಣಿನೊಳಗೆ! ಅವನು ನನ್ನನ್ನು ಬೈದಿದ್ದರೆ ಬಹುಶಃ ಸುಮ್ಮನಿರುತ್ತಿದ್ದೆ. ಅವನು ಬೀದರನ್ನೇ ಬೈದ ಹಾಗಾಯಿತು. ಕೈಲಾಗದ ಮುದುಕ, ಕಣ್ಣು ಮಂಜಾದ ಮುದುಕ, ಕೊಳೆತ ಸುಣ್ಣ ತಂದು ಮರ್ಯಾದಸ್ಥರ ಮನೆ ಹಾಳುಮಾಡುವವನು ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಪಾಂಡಪ್ಪ ಕುಂಚವನ್ನು ತೊಳೆದು, ಹಿಂಡಿ, ಹೆಗಲಿಗೆ ಹಾಕಿಕೊಂಡು ಹೋದ. ತಿರುಗಿ ಬೈಯದವನ ಮೇಲೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ, ನಿಮಗೂ ಅನುಭವವಿರಬಹುದು.

ಹೆಂಡತಿ ಬಾಗಿಲ ಮರೆಯಿಂದ ಎಲ್ಲ ಕೇಳಿದ್ದಳು. "ಅಡಿಗಿಮನಿ ಗ್ವಾಡಿ ಛಂದ ಅದ ಅಲ್ರಿ," ಎಂದಳು. "ಅದನ್ನೂ ಪಾಂಡಪ್ಪನೇ ಮಾಡ್ಯಾನ. ಅದೇ ಸುಣ್ಣ, ಅದೇ ನೀಲಿ. ಅಲ್ಲಿ ಯಾಕ ಕಲಿ ಬಿದ್ದಿಲ್ಲ?"

ಇಪ್ಪತ್ತು ವರ್ಷ ಅರ್ಜಿ ಬರೆದವನಿಗೆ ಇದಕ್ಕೆ ಉತ್ತರ ತೋಚದೆ ಇರುತ್ತದೆಯೆ? ಅಡಿಗೆಮನೆಯಲ್ಲಿ ಹೆಂಗಸರ ಕಣ್ಣಿತ್ತು, ಅದಕ್ಕೇ ನಿಯತ್ತಿನಿಂದ ಮಾಡಿದ; ಬೈಠಕ್ಕಿನಲ್ಲಿ ಯಾರೂ ಇರಲಿಲ್ಲ, ಮೋಸ ಮಾಡಿದ ಎಂದು ಸಾಧಿಸಿದೆ. ಅವಳು ರೊಟ್ಟಿ ಬಡಿಯಲು ಹೋದಳು. ಆ ದಿನ ರೊಟ್ಟಿ ಬಡಿದ ಸಪ್ಪಳ ಸ್ವಲ್ಪ ಜೋರಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಮನೆಯ ಜಗಳ. ಆದರೆ ಅದೇ ವಾರ ಔರಾದದ ದೇಶಮುಖರಿಂದ ಜವಾನನೊಬ್ಬ ಬಂದ. ದೇಶಮುಖರ ವಾಡೆಗೆ ದಸರೆಯ ಮುಂಚೆ ಸುಣ್ಣ ಹಚ್ಚುವ ಹಕ್ಕು ಪಾಂಡಪ್ಪನ ಮನೆತನದ್ದು. ಅವನ ಅಜ್ಜ ಹಚ್ಚಿದ್ದ, ಅಪ್ಪ ಹಚ್ಚಿದ್ದ, ಇವನು ನಲವತ್ತು ವರ್ಷ ಹಚ್ಚಿದ್ದ. ಈಗ ಹಿರಿಯ ದೇಶಮುಖರು ತೀರಿಕೊಂಡು, ಮಗ ಗಾದಿಗೆ ಬಂದಿದ್ದ. ನಮ್ಮ ಹಿರಿಯರು ಔರಾದದ ಕಡೆಯವರೆಂಬ ಸಲಿಗೆಯಿಂದ ನನ್ನನ್ನು ಕೇಳಿಕಳಿಸಿದ್ದ: ಪಾಂಡಪ್ಪ ಮುದುಕನಾದನಂತೆ, ನಿಮ್ಮ ಮನೆಯಲ್ಲಿ ಕೆಲಸ ಕೆಡಿಸಿದನಂತೆ, ನಿಜವೇ?

ನಾನು ಬರೆದೆ. ಬರೆದ ಕಾಗದದ ವಿಚಾರ ಹೇಳಲು ಈಗ ನಾಚಿಕೆ, ಆದರೆ ಅದು ಚೆನ್ನಾಗಿತ್ತೆಂಬುದನ್ನು ಮುಚ್ಚಿಡಲಾರೆ. ಮೊದಲು ಪಾಂಡಪ್ಪನ ವಯಸ್ಸಿಗೆ ನಮಸ್ಕಾರ. ಆಮೇಲೆ ಅವನ ಕಣ್ಣಿನ ಬಗ್ಗೆ ಕನಿಕರ. ಆಮೇಲೆ, ಬೇಡವಾಗಿದ್ದರೂ ಸತ್ಯಕ್ಕಾಗಿ ಹೇಳುತ್ತಿದ್ದೇನೆಂಬ ಸಂಕಟ. ಕೊನೆಯ ಸಾಲಿನಲ್ಲಿ, ದೇಶಮುಖರ ವಾಡೆಯ ಗೋಡೆ ನನ್ನ ಗೋಡೆಯಂತಾಗದಿರಲಿ ಎಂಬ ಪ್ರಾರ್ಥನೆ. ಒಂದೇ ಒಂದು ಕೆಟ್ಟ ಶಬ್ದವಿಲ್ಲ. ಓದಿದವನಿಗೆ ಪಾಂಡಪ್ಪನನ್ನು ಹೊಸ್ತಿಲು ಹತ್ತಿಸುವ ಮನಸ್ಸಾಗುವುದಿಲ್ಲ, ಅಷ್ಟೇ. ಎಂಟು ದಿನದಲ್ಲಿ ಸುದ್ದಿ ಬಂತು: ವಾಡೆಗೆ ಉದಗೀರಿನಿಂದ ಬೇರೆಯವರನ್ನು ಕರೆಸುತ್ತಾರಂತೆ. ನಾನು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಮರುವಾರ ಬೇವಿನ ಮರದ ಕೆಳಗೆ ಕಕ್ಷಿದಾರರ ಸಾಲಿನಲ್ಲಿ ಒಬ್ಬ ಮುದುಕ ಕೂತಿದ್ದ. ಹುಬ್ಬಿನಲ್ಲಿ ಸುಣ್ಣ. ಪಾಂಡಪ್ಪ. ಭಾಲ್ಕಿಯಿಂದ ನಡೆದು ಬಂದಿದ್ದ. ಜಗಳಕ್ಕೆ ಬಂದನೆಂದು ನಾನು ಸೊಂಟ ಕಟ್ಟಿ ಕೂತೆ. ಅವನ ಸರದಿ ಬಂತು. ಚಾಪೆಯ ಅಂಚಿನಲ್ಲಿ ಕೂತು, ಕೈ ಜೋಡಿಸಿ ಹೇಳಿದ:

"ಔರಾದ ದೇಶಮುಖರಿಗಿ ಯಾರೋ ನನ್ನ ಮ್ಯಾಲ ಬರದಾರ್ರಿ. ನನಗ ಹೊರಗ ಹಾಕ್ಯಾರ. ನೀವು ಒಂದು ಅರ್ಜಿ ಬರ್ದು ಕೊಡ್ರಿ. ಕೂಲಿ ಹೋದ್ರ ಹೋಗ್ಲಿ, ಖರೆ ನಮ್ಮಪ್ಪ ಹಚ್ಚಿದ ಗ್ವಾಡಿ ಅದು. ಅದನ್ನ ಬ್ಯಾರೇದವ್ರು ಮುಟ್ಟಬಾರದ್ರಿ."

ನನ್ನ ಕೈಯಲ್ಲಿ ಲೇಖನಿ ಇತ್ತು, ಮಸಿ ಇತ್ತು, ಕಾಗದವಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಒಂದು ಸಾಲು ಹೊಳೆಯಲಿಲ್ಲ. ನಾಳೆ ಬಾ ಎಂದೆ. ಅವನು ಭಾಲ್ಕಿಗೆ ಮರಳದೆ ಧರ್ಮಶಾಲೆಯಲ್ಲಿ ಉಳಿದುಕೊಂಡ. ನಾನು ಮನೆಗೆ ಬಂದು ಗೋಡೆಯ ಎದುರು ಕೂತೆ. ಈಗಲೂ ಸಿಟ್ಟೇ; ಆದರೆ ಯಾರ ಮೇಲೆ ಎಂಬುದು ಸ್ವಲ್ಪ ಅಸ್ಪಷ್ಟವಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಯಾಕೂಬ್ ಸಾಬರು ಹೈದರಾಬಾದಿನಿಂದ ಬಂದ ಕಾಗದವೊಂದನ್ನು ಓದಿಸಿಕೊಳ್ಳಲು ಬಂದರು. ಯಾಕೂಬ್ ಸಾಬರದು ಬಿದರಿ ಕೆಲಸ. ನಿಮಗೆ ಗೊತ್ತಿರಬಹುದು, ಜಸದು ಎಂಬ ಸತುವಿನಲ್ಲಿ ಹೂಜಿ, ಹುಕ್ಕಾಗಳನ್ನು ಎರಕ ಹೊಯ್ದು, ಅದರಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ, ಕೊನೆಗೆ ಒಂದು ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಅದರಲ್ಲಿ ಅದ್ದಿದರೆ ಜಸದೆಲ್ಲ ಕಾಡಿಗೆಯಂತೆ ಕಪ್ಪಾಗಿ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ನಾನು ಇದನ್ನು ಊರ ಹೆಮ್ಮೆಯೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಮಣ್ಣು ಯಾವುದೆಂದು ಮಾತ್ರ ಎಂದೂ ಕೇಳಿರಲಿಲ್ಲ.

ಯಾಕೂಬ್ ಸಾಬರು ಹೊಸ್ತಿಲು ದಾಟಿದವರು ಹಾಗೆಯೇ ನಿಂತರು. ಗೋಡೆಯ ಹತ್ತಿರ ಹೋದರು. ಬಿಳಿ ನವಿರಿನ ಮೇಲೆ ಬೆರಳು ಸವರಿ, ಬೆರಳನ್ನು ನಾಲಿಗೆಗೆ ಇಟ್ಟುಕೊಂಡರು. ಚಪ್ಪರಿಸಿದರು. ಮತ್ತೊಂದು ಕಲೆ, ಮತ್ತೊಂದು ಚಪ್ಪರಿಕೆ. ಮನೆಗೆ ಬಂದ ಹಿರಿಯರು ಗೋಡೆ ನೆಕ್ಕುತ್ತಿದ್ದರೆ ಏನು ಉಪಚಾರ ಹೇಳಬೇಕೋ ನನಗೆ ತಿಳಿಯಲಿಲ್ಲ. ಅವರ ಮುಖ ಮಾತ್ರ ಹಬ್ಬದ ದಿನದಂತೆ ಅರಳಿತು.

"ವಾಹ್ ಮುನ್ಶೀಜಿ! ಎಂಥಾ ಮಣ್ಣು ತಂದೀರಿ! ನಾವು ಕೋಟಿಯೊಳಗ ಮೂಲಿ ಮೂಲಿ ಹುಡುಕಿ, ನೆಕ್ಕಿ ನೆಕ್ಕಿ ನೋಡಿ, ಒಂದು ಬುಟ್ಟಿ ತರ್ತೇವ್ರಿ. ನೀವು ಗ್ವಾಡಿಗೇ ಬಳ್ದೀರಿ!"

ನೆಕ್ಕುವುದೇಕೆಂದು ಕೇಳಿದೆ. ಅವರು ಸಾವಧಾನವಾಗಿ ತಿಳಿಹೇಳಿದರು. ಮಳೆ ಬಿಸಿಲು ಕಾಣದೆ ನೂರಾರು ವರ್ಷ ಬಿದ್ದ ಮಣ್ಣಿನಲ್ಲಿ ಉಪ್ಪಿನ ಸಾರ ತುಂಬಿರುತ್ತದೆ. ಜಸದನ್ನು ಕಪ್ಪು ಮಾಡುವುದು ಆ ಸಾರವೇ. ಒಳ್ಳೆಯ ಮಣ್ಣು ಹೌದೋ ಅಲ್ಲವೋ ಎಂದು ನೋಡಲು ಬೇರೆ ಉಪಾಯವಿಲ್ಲ, ನಾಲಿಗೆಗೆ ಇಟ್ಟೇ ನೋಡಬೇಕು.

"ಖರೆ, ಇದು ಗ್ವಾಡಿ ಮಣ್ಣಲ್ರಿ," ಎಂದರು. "ಒಳಗ ಉಪ್ಪು ಅದ. ಮ್ಯಾಲ ನೀವು ಸುಣ್ಣದ ನೀರು ಹಚ್ಚಿದಂಗ ಅದು ನೀರು ಕುಡ್ದು ಹೊರಗ ಬರ್ತದ. ಹಚ್ಚಿದಷ್ಟೂ ಬರ್ತದ. ಯಾರು ಹಚ್ಚಿದ್ರೂ ಬರ್ತದ."

ಯಾರು ಹಚ್ಚಿದರೂ. ಈ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು.

ಅರ್ಜಿ ಬರೆಯುವವನ ತಲೆ ಹೇಗೆ ಕೆಲಸ ಮಾಡುತ್ತದೆ ಕೇಳಿ. ನಷ್ಟವಾಗಿದೆ, ಆದ್ದರಿಂದ ತಪ್ಪು ಮಾಡಿದವನೊಬ್ಬ ಇರಲೇಬೇಕು. ಪ್ರತಿವಾದಿಯಿಲ್ಲದ ಅರ್ಜಿಯನ್ನು ಯಾವ ಕಚೇರಿಯೂ ಮುಟ್ಟುವುದಿಲ್ಲ. ಯಾಕೂಬ್ ಸಾಬರು ಕಾಗದ ಓದಿಸಿಕೊಂಡು ಹೋದ ಮೇಲೆ ನಾನು ಪ್ರತಿವಾದಿಗಾಗಿ ಎಲ್ಲ ಕಡೆ ಹುಡುಕಿದೆ. ಗೌಂಡಿ? ಅವನು ಹೊಳೆಯ ಉಸುಕೆಂದು ಹೇಳಿದ್ದ. ಪಾಂಡಪ್ಪ? ಮೊದಲ ದಿನವೇ ಮಣ್ಣು ಎಲ್ಲಿಯದೆಂದು ಕೇಳಿದ್ದ. ಹೆಂಡತಿ? ಅಡಿಗೆಮನೆಯನ್ನು ಸಾಕ್ಷಿಗೆ ಕರೆದಿದ್ದಳು. ಮೂವರೂ ಹೇಳಿದ್ದರು, ನಾನು ಒಬ್ಬರಿಗೂ ಕಿವಿ ಕೊಟ್ಟಿರಲಿಲ್ಲ. ಬಾದಶಹರ ಮೇಲೆ ಹಾಕೋಣವೆಂದರೆ ಅವರು ನನಗೆ ಬಂಡಿ ತಂದುಕೋ ಎಂದು ಹೇಳಿರಲಿಲ್ಲ. ಉಳಿದವನು ಒಬ್ಬನೇ. ಅವನ ಮೇಲೆ ನನಗೆ ಬಂದ ಸಿಟ್ಟಿನ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಪಾಂಡಪ್ಪನನ್ನು ಬೈದು ನಿದ್ದೆ ಮಾಡಿದ್ದೆ. ನನ್ನನ್ನು ಬೈದುಕೊಂಡು ಅದೂ ಸಾಧ್ಯವಾಗಲಿಲ್ಲ.

ಬೆಳಿಗ್ಗೆ ಪಾಂಡಪ್ಪನಿಗೆ ಅರ್ಜಿ ಬರೆದುಕೊಟ್ಟೆ. ಅದರಲ್ಲಿ ತಪ್ಪು ಗೋಡೆಯದು, ಮಣ್ಣಿನದು ಎಂದೆಲ್ಲ ಬರೆದೆ. ಮಣ್ಣು ತಂದವನ ಹೆಸರನ್ನು ಮಾತ್ರ ಜಾಣತನದಿಂದ ಬಿಟ್ಟೆ. ನನ್ನ ಕಡೆಯಿಂದ ಬೇರೆ ಕಾಗದವನ್ನೂ ದೇಶಮುಖರಿಗೆ ಕಳಿಸಿದೆ, ಪಾಂಡಪ್ಪನ ಕೆಲಸ ಒಳ್ಳೆಯದೇ ಎಂದು. ನಾಲ್ಕು ದಿನಕ್ಕೆ ಉತ್ತರ ಬಂತು. ಮುದುಕನ ಮೇಲೆ ನೀವು ತೋರಿಸುತ್ತಿರುವ ದಯೆ ನಿಮ್ಮ ದೊಡ್ಡಗುಣ, ಆದರೆ ನಿಮ್ಮ ಮೊದಲ ಕಾಗದವೇ ನಮಗೆ ಸಾಕು, ಉದಗೀರಿನವರು ಸೋಮವಾರ ಬರುತ್ತಾರೆ ಎಂದು!

ಇದಕ್ಕಿಂತ ಅನ್ಯಾಯ ಬೇರೆ ಉಂಟೆ? ಸುಳ್ಳನ್ನು ನಾನು ಅಷ್ಟು ಚೆನ್ನಾಗಿ ಬರೆದಿದ್ದೆ, ಅದೇ ಕೈಯಿಂದ ಬರೆದ ಸತ್ಯವನ್ನು ಯಾರೂ ನಂಬುತ್ತಿಲ್ಲ. ನನ್ನ ಕಸಬಿನ ಮೇಲೆಯೇ ನನಗೆ ಹೇಸಿಗೆಯಾಯಿತು. ಗೋಡೆಯಿಂದ ಒಂದು ಹೆಂಟೆ ಗಿಲಾವನ್ನು ಕಿತ್ತು ಧೋತರದ ಚುಂಗಿನಲ್ಲಿ ಕಟ್ಟಿಕೊಂಡೆ. ಎತ್ತಿನ ದಮಣಿ ಹೂಡಿಸಿ, ಪಾಂಡಪ್ಪನನ್ನು ಕೂರಿಸಿಕೊಂಡು ಭಾನುವಾರ ಔರಾದಕ್ಕೆ ಹೊರಟೆ. ದಾರಿಯುದ್ದಕ್ಕೂ ಅವನಿಗೆ ಮಾತು ಕಡಿಮೆ, ನನಗೆ ಮುಖ ಕಡಿಮೆ.

ವಾಡೆಯ ಪಡಸಾಲೆಯಲ್ಲಿ ಹತ್ತಾರು ಜನ ಕೂತಿದ್ದರು. ನಾನು ಕುಶಲವನ್ನೂ ಕೇಳದೆ ಚುಂಗು ಬಿಚ್ಚಿ ಹೆಂಟೆಯನ್ನು ದೇಶಮುಖರ ಮುಂದಿಟ್ಟೆ.

"ಇದನ್ನ ನಾಲಿಗಿಗಿ ಇಟ್ಟು ನೋಡ್ರಿ," ಎಂದೆ.

"ಏನ್ ಮುನ್ಶಿಯವ್ರ, ತಲಿ ನೆಟ್ಟಗ ಅದ ಇಲ್ಲೋ?" ಎಂದರು ದೇಶಮುಖರು. ಆದರೆ ಚಿಕ್ಕ ವಯಸ್ಸು, ಕುತೂಹಲ ಹೆಚ್ಚು. ತುದಿನಾಲಿಗೆ ಮುಟ್ಟಿಸಿ, ಮುಖ ಕಿವುಚಿ, ಥೂ ಎಂದು ಉಗಿದರು. "ಉಪ್ಪು!"

"ಅದೇ ನೋಡ್ರಿ ನನ್ನ ಗ್ವಾಡಿ ಕೆಡ್ಸಿದ್ದು. ಆ ಮಣ್ಣು ತಂದವ ನಾನು. ಬ್ಯಾಡ ಅಂದವ್ರ ಮಾತು ಕೇಳದವ ನಾನು. ತಪ್ಪು ಮಾಡದವನ ಮ್ಯಾಲ ನಿಮಗ ಕಾಗದ ಬರೆದವನೂ ನಾನೇ. ಇಂವನ ಕೈಯೊಳಗ ಏನೂ ತಪ್ಪಿಲ್ಲ."

ಇದನ್ನು ಹೇಳುವಾಗ ನಾನು ಪಾಂಡಪ್ಪನ ಕಡೆ ನೋಡಲಿಲ್ಲ. ಕಾಗದ ಬರೆದವನು ನಾನೆಂದು ಅವನಿಗೆ ಗೊತ್ತಾದ ಗಳಿಗೆ ಅದು. ಹಾಗೆಂದು ನಾನು ತಿಳಿದಿದ್ದೆ. ಹಿಂದಿನಿಂದ ಅವನ ದನಿ ಬಂತು:

"ಗೊತ್ತಿತ್ತಲ್ರಿ. ಅಷ್ಟು ಛಂದ ಬರದು ಬೈಲಾಕ ಬೀದರದಾಗ ಬ್ಯಾರೆ ಯಾರಿಗಿ ಬರ್ತದ?"

ಜನ ನಕ್ಕರು. ದೇಶಮುಖರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. "ಗೊತ್ತಿದ್ದೂ ನನ್ನ ಹತ್ರ ಅರ್ಜಿ ಬರಸ್ಲಾಕ ಯಾಕ ಬಂದಿ?" ಎಂದು ಕೇಳಿದೆ. ಆ ಹೊತ್ತಿನಲ್ಲೂ ನನಗೆ ಕೊಂಚ ಸಿಟ್ಟೇ ಬಂದಿತ್ತು.

"ನೀವು ಕಾಗದ ಬರದಿದ್ಕ ಹೊರಗ ಹಾಕ್ಯಾರ. ನೀವೇ ಬರದ್ರ ಒಳಗ ಕರೀತಾರ ಅಂದ್ಕೊಂಡೆ. ಮತ್ತ, ನೀವು ಬರೀತಿರೋ ಇಲ್ಲೋ ನೋಡಬೇಕಿತ್ರಿ," ಎಂದ.

ಉದಗೀರಿನವರಿಗೆ ಬೇಡವೆಂದು ಅಂದೇ ಹೇಳಿಕಳಿಸಿದರು. ಪಾಂಡಪ್ಪ ಪಡಸಾಲೆಯಿಂದಿಳಿದು, ತನ್ನಪ್ಪ ಸುಣ್ಣ ಹಚ್ಚಿದ್ದ ಗೋಡೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಂತ. ಎಂದಿಗಿಂತ ಬಹಳ ಹೊತ್ತು ನಿಂತ. ನಾನು ದಮಣಿಯ ಎತ್ತುಗಳನ್ನು ನೋಡುತ್ತ ನಿಂತೆ.

ದಸರೆಯಾದ ಮೇಲೆ ಅವನೇ ಬಂದು ನನ್ನ ಗೋಡೆಯ ಗಿಲಾವನ್ನೆಲ್ಲ ಕಲ್ಲು ಕಾಣುವವರೆಗೆ ಕೆರೆಸಿದ. ಕೆರೆದ ಮಣ್ಣನ್ನು ಯಾಕೂಬ್ ಸಾಬರು ಬುಟ್ಟಿಬುಟ್ಟಿಯಾಗಿ ಹೊತ್ತುಕೊಂಡು ಹೋದರು. ನನ್ನ ಬೈಠಕ್ಕು ಈಗ ಹೈದರಾಬಾದಿನ ಯಾವುದೋ ನವಾಬರ ಹುಕ್ಕಾದ ಮೇಲೆ ಕಪ್ಪಾಗಿ ಹೊಳೆಯುತ್ತಿರಬೇಕು. ಮಾಂಜರಾದ ಉಸುಕಿನಲ್ಲಿ ಹೊಸ ಗಿಲಾವು, ಒಂದೂವರೆ ತಿಂಗಳ ಕಾಯುವಿಕೆ, ಮತ್ತೆ ನಾಲ್ಕು ಕೈ ಸುಣ್ಣ. ಗೋಡೆ ಮತ್ತೆ ಆಕಾಶವಾಯಿತು. ಸಲಹೆ ಕೊಟ್ಟವರೆಲ್ಲ ಬಂದು, ತಾವು ಹೇಳಿದ ಹಾಗೆ ಮಾಡಿದ್ದರಿಂದಲೇ ಸರಿಹೋಯಿತು ಎಂದು ಹೇಳಿ, ಚಹಾ ಕುಡಿದು ಹೋದರು. ಅವರ ಮೇಲಿನ ಸಿಟ್ಟನ್ನು ನಾನು ಇವತ್ತಿಗೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಈ ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಬುದ್ಧಿ ಕಲಿತವನೆಂದು ನೀವು ತಿಳಿಯುತ್ತಿದ್ದಿರಿ. ಆದರೆ ಮೊನ್ನೆ, ಮೊದಲ ಮಳೆ ಹೊಯ್ದ ಮಾರನೆಯ ದಿನ, ಕಿಟಕಿಯ ಕೆಳಗೆ ರೊಟ್ಟಿಯಗಲದ ಒಂದು ಕಲೆ ಕಂಡಿತು. ಮರುಕ್ಷಣ ಅದೇ ಹಳೆಯ ಉರಿ ಮೇಲಕ್ಕೆ ಬಂತು. ಪಾಂಡಪ್ಪ! ಮುದುಕ ಕೈಕೊಟ್ಟನಲ್ಲ! ತಲೆಯೊಳಗೆ ಕಾಗದದ ಮೊದಲ ಸಾಲು ಆಗಲೇ ಸಿದ್ಧವಾಗಿತ್ತು, ಸಾಲು ಬಹಳ ಚೆನ್ನಾಗಿಯೂ ಇತ್ತು. ಅವನ ಹೆಸರು ಹಿಡಿದು ಕೂಗಲು ಬಾಯಿ ತೆರೆದವನು ಯಾಕೋ ತಡೆದೆ. ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಮೊಣಕಾಲೂರಿ, ಗೋಡೆಗೆ ನಾಲಿಗೆ ಮುಟ್ಟಿಸಿದೆ.

ಉಪ್ಪು.

ಆಗ ನೆನಪಾಯಿತು. ಕೆರೆದ ಮಣ್ಣನ್ನು ಯಾಕೂಬ್ ಸಾಬರು ಒಯ್ಯುತ್ತಿದ್ದಾಗ ನಾನು ಬುಟ್ಟಿಗಳನ್ನು ಎಣಿಸುತ್ತ ನಿಂತಿದ್ದೆ. ಎಷ್ಟೆಂದರೂ ಬಾದಶಹರ ಮಣ್ಣು, ಎಲ್ಲವೂ ಹೋಗಿಬಿಡುತ್ತದಲ್ಲ ಎಂದು, ಪಾಂಡಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ಗೌಂಡಿಗೆ ಹೇಳಿ ಒಂದು ಬುಟ್ಟಿಯನ್ನು, ಒಂದೇ ಒಂದು ಬುಟ್ಟಿಯನ್ನು, ಕಿಟಕಿಯ ಕೆಳಗಿನ ಗಿಲಾವಿಗೆ ಕಲಸಿಸಿದ್ದೆ.

ಎದ್ದು ತಿರುಗಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕಲೆಯನ್ನೂ ನೋಡಿದಳು, ನನ್ನ ಮೀಸೆಗೆ ಹತ್ತಿದ ನೀಲಿಯನ್ನೂ ನೋಡಿದಳು.

"ಭಾಲ್ಕಿಗಿ ಹೇಳಿ ಕಳಸ್ಲೇನ್ರಿ? ಪಾಂಡಪ್ಪಗ ಬೈಯೋದಿಲ್ಲೇನು?"

"ಬ್ಯಾಡ," ಎಂದೆ, ಮೀಸೆ ಒರೆಸಿಕೊಳ್ಳುತ್ತ. "ಪ್ರತಿವಾದಿ ಮನ್ಯಾಗೇ ಅದಾನ. ಅವನಿಗಿ ಒಂದು ತಂಬಿಗಿ ನೀರು ಕೊಡು, ಬಾಯೆಲ್ಲಾ ಉಪ್ಪಾಗ್ಯಾದ."